ಓರೆ ಪಟ್ಟಿ

ವರ್ನಾ ಮೊಟ್ಟೆ ನೋಡಿ ಮನುಷ್ಯರನ್ನು ಅಳೆಯುತ್ತಿದ್ದಳು.

ಒಕ್ಲಹೋಮಾ ನಗರದಲ್ಲಿ, ವಿಮಾನ ನಿಯಂತ್ರಕರ ತರಬೇತಿ ಕೇಂದ್ರಕ್ಕೆ ಹತ್ತು ನಿಮಿಷದ ದಾರಿಯಲ್ಲಿ ಅವಳ ಮನೆ. ಹಿಂದಿನ ಕೋಣೆಯನ್ನು ಹನ್ನೊಂದು ವರ್ಷದಿಂದ ಅಲ್ಲಿ ಕಲಿಯಲು ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಬಂದವರು ಮೂರು ನಾಲ್ಕು ತಿಂಗಳು ಇರುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಬಂದರೆ ಕೆಲಸ. ಅರವತ್ತೊಂಬತ್ತು ಬಂದರೆ ಬಟ್ಟೆಬರೆ ತುಂಬಿಕೊಂಡು ಊರಿಗೆ. ಎರಡನೇ ಸಲ ಅನ್ನುವ ಮಾತಿಲ್ಲ.

ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ವರ್ನಾ ಮೊದಲ ದಿನವೇ ಹೇಳಿಬಿಡುತ್ತಿದ್ದಳು. ಮೊದಲ ಬೆಳಿಗ್ಗೆ ಬಾಡಿಗೆಯವನ ಕೈಗೆ ಬಾಣಲೆ ಕೊಟ್ಟು, "ನಿನ್ನ ಮೊಟ್ಟೆ ನೀನೇ ಹುರ್ಕೋ" ಅನ್ನುವಳು. ಮೊಟ್ಟೆ ಎಣ್ಣೆಗೆ ಬಿದ್ದ ತಕ್ಷಣ ಶುರು. ಆ ಕಿಟಕಿ ಸ್ವಲ್ಪ ಎತ್ತು. ನಿಮ್ಮಮ್ಮನ ಫೋನ್ ನಂಬರ್ ಹೇಳು, ಬರ್ಕೋತೀನಿ. ಕಾಫಿಗೆ ಹಾಲು ಬೇಕಾ? ಯಾರೂ ನೆನಪಿಸದೆ ಬಾಣಲೆಗೆ ಮರಳಿ ಹೊತ್ತಿಗೆ ಸರಿಯಾಗಿ ಮೊಟ್ಟೆ ಮಗುಚಿದವನು ಪಾಸು. ಕಿಟಕಿ ಹತ್ತಿರ ನಿಂತು ಮೊಟ್ಟೆ ಕರಕಾಗಿಸಿದವನು ಫೇಲು. ಉಗ್ರಾಣದ ಬಾಗಿಲ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು ಬರೆದು, ಮುಂದೆ ಒಂದು ಸರಿ ಗುರುತೋ ತಪ್ಪು ಗುರುತೋ ಹಾಕಿಡುವಳು. ಇದುವರೆಗೆ ಮೂವತ್ತನಾಲ್ಕು ಹೆಸರು. ಮೂರು ಸಲ ಮಾತ್ರ ಅವಳ ಲೆಕ್ಕ ತಪ್ಪಿತ್ತು.

ಮೂವತ್ತೈದನೆಯವನು ಐಡಹೋ ರಾಜ್ಯದ ಕೋಲ್ಬಿ. ಇಪ್ಪತ್ತನಾಲ್ಕು ವರ್ಷ. ಕಿಟಕಿ ಎತ್ತುತ್ತಲೇ ಅಮ್ಮನ ನಂಬರ್ ಹೇಳಿದ, ತಿರುಗಿ ಬಂದು ಮೊಟ್ಟೆ ಮಗುಚಿದ, ಕಾಫಿಗೆ ಹಾಲು ಬೇಡ ಅಂದ.

"ಭೇಷ್," ಅಂದಳು ವರ್ನಾ. "ಈ ಮನೇಲಿ ಇಂಥ ಮೊಟ್ಟೆ ನೋಡಿ ಎರಡು ವರ್ಷ ಆಗಿತ್ತು."

ಮೇಜಿನ ಆ ತುದಿಯಲ್ಲಿ ಕೂತಿದ್ದ ಮಗಳು ಟ್ವೈಲಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳೂ ಬರುವ ಸೋಮವಾರ ಕೋಲ್ಬಿಯ ತರಗತಿಗೇ ಸೇರುವವಳಿದ್ದಳು.

ಟ್ವೈಲಾಗೆ ಮೂವತ್ತು ತುಂಬಿ ಹತ್ತು ತಿಂಗಳಾಗಿತ್ತು. ಮೂವತ್ತೊಂದು ತುಂಬಿದವರನ್ನು ಆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಹನ್ನೆರಡು ವರ್ಷ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ತಿಂಡಿ ಬಡಿಸಿದವಳು ಹೋದ ವರ್ಷ ಯಾರಿಗೂ ಹೇಳದೆ ಆಯ್ಕೆಯ ಪರೀಕ್ಷೆ ಬರೆದು ಬಂದಿದ್ದಳು. ಪರದೆಯ ಮೇಲೆ ಚುಕ್ಕೆಗಳು ಓಡುತ್ತವೆ, ಡಿಕ್ಕಿಯಾಗುವ ಮುಂಚೆ ಒತ್ತಿ ಅಳಿಸಬೇಕು, ಅದರ ನಡುವೆಯೇ ಕೂಡುವ ಕಳೆಯುವ ಲೆಕ್ಕ, ಆಗಷ್ಟೇ ಕಂಡು ಮರೆಯಾದ ಅಕ್ಷರಗಳ ನೆನಪು. ಎಲ್ಲಕ್ಕಿಂತ ಮೇಲಿನ ದರ್ಜೆ ಬಂದಿತ್ತು.

"ಚುಕ್ಕೆ ಆಟ," ಎಂದಿದ್ದಳು ವರ್ನಾ. "ಚುಕ್ಕೆ ಕೊಂದರೆ ಸಂಬಳ ಕೊಡ್ತಾರಾ? ಹೋಟೆಲ್ ಕೆಲಸ ಬಿಟ್ಟು ಬಂದೆಯಲ್ಲ, ಜುಲೈಗೆ ಎಲ್ಲಿಗೆ ಹೋಗ್ತೀಯ?"

"ಜುಲೈಗೆ ಕಂಟ್ರೋಲರ್ ಆಗಿರ್ತೀನಿ."

"ಇಪ್ಪತ್ತು ವರ್ಷದವಳಿದ್ದಾಗ ನಿನ್ನ ಕೈಗೆ ಇದೇ ಬಾಣಲೆ ಕೊಟ್ಟಿದ್ದೆ. ಮೊಟ್ಟೆ ಏನಾಯ್ತು ಅಂತ ನೆನಪಿದೆ ತಾನೇ?"

"ನೆನಪಿದೆ ಅಮ್ಮ. ನೀನು ಮರೆಯೋಕೆ ಬಿಟ್ಟರೆ ತಾನೇ."

ಮನೆಯಲ್ಲಿ ನಾಲ್ಕನೆಯ ಪ್ರಾಣಿ ವರ್ನಾಳ ಅಪ್ಪ ಹೋಬರ್ಟ್. ಎಂಬತ್ತೊಂದು ವರ್ಷ. ಒಂದು ಕಾಲದಲ್ಲಿ ಅವನೂ ನಿಯಂತ್ರಕನೇ. ಸಾವಿರದ ಒಂಬೈನೂರ ಎಂಬತ್ತೊಂದರ ಆಗಸ್ಟಿನಲ್ಲಿ ದೇಶದ ನಿಯಂತ್ರಕರು ಮುಷ್ಕರ ಹೂಡಿದಾಗ ಅವನೂ ಹೊರಗೆ ಬಂದ. ಎರಡು ದಿನದಲ್ಲಿ ಸರ್ಕಾರ ಹನ್ನೊಂದು ಸಾವಿರ ಜನರ ಜೊತೆ ಅವನನ್ನೂ ಕಿತ್ತುಹಾಕಿತು. ಸ್ವಂತ ಮನೆ ಹೋಯಿತು. ವರ್ನಾ ಕಾಲೇಜಿನ ಎರಡನೇ ವರ್ಷ ಬಿಟ್ಟು ಬಟ್ಟೆ ಒಗೆಯುವ ಅಂಗಡಿಗೆ ಸೇರಿದಳು. ಮುದುಕ ಆಮೇಲೆ ಇಪ್ಪತ್ತೈದು ವರ್ಷ ಊರವರ ಏರ್ ಕಂಡೀಷನರ್ ರಿಪೇರಿ ಮಾಡಿದ. ಈಗ ಮಗಳ ಮನೆಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು ಕೂತಿದ್ದ.

ಕೆಲಸ ಹೋದರೂ ಕೆಲಸದ ಚಾಳಿ ಹೋಗಿರಲಿಲ್ಲ. ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಮರದ ಚೌಕಟ್ಟು ಹೊಡೆದಿದ್ದ. ಅದರಲ್ಲಿ ಒಂದರ ಕೆಳಗೊಂದು ಎಂಟು ಕಾಗದದ ಪಟ್ಟಿ. ಹಿಂದೆ ಒಂದೊಂದು ವಿಮಾನಕ್ಕೆ ಒಂದೊಂದು ಪಟ್ಟಿ ಇತ್ತಂತೆ. ಈಗ ಒಂದೊಂದು ಮನೆಗೆಲಸಕ್ಕೆ. ಕಸ, ಬಟ್ಟೆ, ಅಂಚೆ, ಇನ್ಸುಲಿನ್. ಪಟ್ಟಿ ಓರೆಯಾಗಿ ಹೊರಗೆ ಚಾಚಿಕೊಂಡಿದ್ದರೆ ಕೆಲಸ ಬಾಕಿ. ನೇರಕ್ಕೆ ತಳ್ಳಿದರೆ ಮುಗಿಯಿತು. "ನೆನಪನ್ನ ನಂಬಿದವನು ಕೆಟ್ಟ, ಪಟ್ಟಿನ ನಂಬು" ಎಂಬುದು ಅವನ ಮಂತ್ರ. ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಎಂಟನ್ನೂ ಓರೆ ಮಾಡುವನು. ಏಳಕ್ಕೆ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು ಸೂಜಿ ಚುಚ್ಚಿಕೊಂಡು ಆ ಪಟ್ಟಿಯನ್ನು ನೇರ ಮಾಡುವನು.

ಇನ್ನೊಂದು ಚಾಳಿ ವರ್ನಾಳ ರಕ್ತ ಕುದಿಸುತ್ತಿತ್ತು. ಒಲೆ ಮುಂದಿನಿಂದ ಸರಿಯುವಾಗ ಮುದುಕ ಸುಮ್ಮನೆ ಸರಿಯುತ್ತಿರಲಿಲ್ಲ. "ಬೀನ್ಸ್ ಸಣ್ಣ ಉರೀಲಿ, ಉಪ್ಪು ಹಾಕಿಲ್ಲ. ಕೆಳಗೆ ಓವನ್‌ನಲ್ಲಿ ಕಾರ್ನ್‌ಬ್ರೆಡ್ ಬೇಯ್ತಿದೆ, ಇನ್ನು ಹನ್ನೆರಡು ನಿಮಿಷ. ಎಡಗಡೆ ಬರ್ನರ್ ಬಿಸಿ ಇದೆ, ಮುಟ್ಟಬೇಡ. ನಿನ್ನದು" ಅನ್ನುವನು. ಟ್ವೈಲಾ ಎಲ್ಲವನ್ನೂ ತಿರುಗಿ ಒಪ್ಪಿಸಿ "ನನ್ನದು" ಅನ್ನುವಳು. ಅಷ್ಟಾದ ಮೇಲೂ ಮುದುಕ ಹೋಗುತ್ತಿರಲಿಲ್ಲ. ಎರಡು ನಿಮಿಷ ಅವಳ ಬೆನ್ನ ಹಿಂದೆ ಸುಮ್ಮನೆ ನಿಂತು ನೋಡುವನು. ನಿಯಂತ್ರಕರಲ್ಲಿ ಜಾಗ ಬಿಟ್ಟುಕೊಟ್ಟವನು ಹಾಗೆ ನಿಲ್ಲಬೇಕು, ಅವನು ಹೇಳಲು ಮರೆತದ್ದು ಆ ಎರಡು ನಿಮಿಷದಲ್ಲೇ ತಲೆ ಎತ್ತುವುದು ಎಂಬ ವಾದ.

"ನನ್ನ ಹಿಂದೆ ಮಾತ್ರ ನಿಲ್ಲಬೇಡ ಅಪ್ಪ," ಅನ್ನುತ್ತಿದ್ದಳು ವರ್ನಾ. "ಬೀನ್ಸ್ ಆಕಾಶದಿಂದ ಬೀಳಲ್ಲ."

ಮಾರ್ಚ್ ಪೂರ್ತಿ ಗಾಳಿ. ಕೆಂಪು ದೂಳು ಕಿಟಕಿಯ ಸಂದಿಯಿಂದ ಬಂದು ತಟ್ಟೆಗಳ ಮೇಲೆ ಕೂರುತ್ತಿತ್ತು. ಊಟದ ಮೇಜು ಊಟಕ್ಕೆ ಉಳಿಯಲಿಲ್ಲ. ಕಲಿಯುವವರಿಗಾಗಿಯೇ ಕಟ್ಟಿದ ಒಂದು ಕಲ್ಪನೆಯ ಆಕಾಶದ ನಕ್ಷೆ ಇತ್ತು. ದಾರಿಗಳು, ದೂರಗಳು, ಎತ್ತರಗಳು, ರೇಡಿಯೋ ಸಂಖ್ಯೆಗಳು, ಎಲ್ಲವನ್ನೂ ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯಬೇಕು. ಕೋಲ್ಬಿ ಮೂರನೇ ದಿನಕ್ಕೆ ಒಂಬತ್ತು ನಿಮಿಷದಲ್ಲಿ ಬರೆದ. ಟ್ವೈಲಾಗೆ ಎರಡು ವಾರವಾದರೂ ಇಪ್ಪತ್ತೈದು ನಿಮಿಷ.

"ಸಾಸಿವೆ ಬಾಟ್ಲಿ ನಕ್ಷೆ ಮೇಲಿದೆ, ತೆಗೀರಿ," ಎಂದಳು ಟ್ವೈಲಾ.

"ಬಾಟ್ಲಿ ಅದರ ಜಾಗದಲ್ಲೇ ಇದೆ. ನಕ್ಷೆ ಬಾಟ್ಲಿ ಕೆಳಗಿದೆ," ಎಂದಳು ವರ್ನಾ. "ಕೋಲ್ಬಿ, ನೀನು ಮುಗಿಸಿದೆಯೇನಪ್ಪ?"

"ಆಯ್ತು ಮೇಡಂ."

"ನೋಡು. ಅವನದು ಆಯ್ತು. ಊಟ ಬಡಿಸಲಾ, ಇವಳು ಆಕಾಶ ಕಟ್ಟೋವರೆಗೆ ಕಾಯೋಣವಾ?"

"ಅವಳು ಬರೀಲಿ ಬಿಡೇ," ಎಂದ ಹೋಬರ್ಟ್, ಕಾಯದೆ ತಾನೇ ಗ್ರೇವಿ ಸುರಿದುಕೊಳ್ಳುತ್ತ. "ಬೇಗ ಬರೆಯೋನು ಬೇಗ ಬರೀತಾನೆ. ಅಷ್ಟೇ ಅದರ ಅರ್ಥ."

"ಮತ್ತೆ ಯಾರಪ್ಪ ಪಾಸಾಗೋನು? ನಿಧಾನ ಬರೆಯೋನಾ?"

"ಎಡವಿದ ಮೇಲೆ ಏನು ಮಾಡ್ತಾನೆ ಅಂತ ನೋಡು. ನಾನು ಹದಿನೇಳು ವರ್ಷ ಆ ಕುರ್ಚಿ ಮೇಲೆ ಕೂತಿದ್ದೆ. ನನಗಿಂತ ಚುರುಕಾದ ತಲೆಗಳು ಒಂದು ವಿಮಾನ ತಪ್ಪಿತು ಅಂತ ಅದನ್ನೇ ನೋಡ್ತಾ ಕೂತು ಇನ್ನೆರಡು ತಪ್ಪಿಸಿದ್ದು ನೋಡಿದೀನಿ."

"ನೀನು ಎಡವಿದ ಮೇಲೆ ಏನು ಮಾಡಿದೆ ಅಂತ ನಾನೂ ನೋಡಿದೀನಿ," ಎಂದಳು ವರ್ನಾ. "ನನ್ನ ಕಾಲೇಜು ಅದರ ಕೆಳಗೆ ಸಿಕ್ಕಿತ್ತು."

ಮುದುಕ ಇನ್ನೊಂದು ಬೆಂಡೆಕಾಯಿ ಬಾಯಿಗೆ ಹಾಕಿಕೊಂಡ. ಊಟ ಮುಗಿದ ಮೇಲೆ ಕೋಲ್ಬಿ ಎದ್ದು ತನ್ನ ತಟ್ಟೆ ತೊಳೆದ. ಅವನು ತಟ್ಟೆಯನ್ನೂ ಚೆನ್ನಾಗಿ ತೊಳೆಯುತ್ತಿದ್ದ.

ಏಪ್ರಿಲ್‌ನಲ್ಲಿ ಪರದೆಯ ಮುಂದಿನ ಅಭ್ಯಾಸ ಶುರುವಾಯಿತು. ಟ್ವೈಲಾ ಸಂಜೆ ಬರುವಾಗ ಅಂಗಿಯ ಬೆನ್ನು ಒದ್ದೆಯಾಗಿರುತ್ತಿತ್ತು. ಬಂದವಳೇ ಬಾಗಿಲಲ್ಲೇ ಶೂ ಕಳಚಿ, ನಿಂತುಕೊಂಡೇ ತಣ್ಣನೆಯ ಬೀನ್ಸ್ ತಿನ್ನುವಳು. ಒಂದು ಶುಕ್ರವಾರ ವರ್ನಾ ಕೇಳಿಯೇಬಿಟ್ಟಳು.

"ಇವತ್ತು ಎಷ್ಟು ಕೊಟ್ಟರು?"

"ಅರವತ್ತೆರಡು."

"ಕೋಲ್ಬಿಗೆ?"

"ಎಂಬತ್ತೆಂಟು."

"ಹೋಟೆಲಿನ ಮಾಲೀಕ ನಿನ್ನೆ ಸಿಕ್ಕಿದ್ದ. ನಿನ್ನ ಜಾಗ ಇನ್ನೂ ಖಾಲಿ ಇದೆಯಂತೆ."

"ಅಮ್ಮ, ಅಲ್ಲಿ ಹನ್ನೊಂದು ಮೇಜು ನೋಡ್ಕೋತಿದ್ದೆ. ಯಾರಿಗೆ ಎರಡನೇ ಕಾಫಿ, ಯಾರ ಮಗು ಅಳುತ್ತೆ, ಯಾರು ಬಿಲ್ ಕೊಡದೆ ಎದ್ದು ಹೋಗೋನು, ಒಂದೂ ಬರ್ಕೋತಿರಲಿಲ್ಲ. ಆಗ ಯಾರೂ ನನಗೆ ದಡ್ಡಿ ಅಂದಿಲ್ಲ."

"ನಾನೂ ದಡ್ಡಿ ಅಂದಿಲ್ಲ. ಇದು ನಿನ್ನ ಕೈಲಾಗಲ್ಲ ಅಂದೆ."

"ಹತ್ತು ವರ್ಷದ ಹಿಂದೆ ಅಂದೆ. ನಾನು ನಂಬಿದೆ. ಆ ಹತ್ತು ವರ್ಷ ಯಾರು ವಾಪಸ್ ಕೊಡ್ತಾರೆ?"

ವರ್ನಾ ಒದ್ದೆ ಬಟ್ಟೆಯನ್ನು ಸಿಂಕಿಗೆ ಎಸೆದಳು.

ಕೊನೆಯ ಪರೀಕ್ಷೆ ಮೇ ತಿಂಗಳ ಒಂದು ಸೋಮವಾರದಿಂದ ಮೂರು ದಿನ. ಅದಕ್ಕೆ ಮುಂಚಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ವರ್ನಾ, "ಜೋಳದ ಹಿಟ್ಟು ತಗೊಂಡು ಬಾ" ಎಂದಳು. ಟ್ವೈಲಾ ಉಗ್ರಾಣದೊಳಗೆ ಹೋದಳು. ಗಾಳಿಗೆ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ದೀಪ ಹಾಕಿದಳು. ತಿರುಗಿದರೆ ಬಾಗಿಲ ಹಿಂದಿನ ಹೆಸರುಗಳು ಕಣ್ಣೆದುರಿಗೆ. ಆ ಪಟ್ಟಿ ಅವಳಿಗೆ ಹೊಸದಲ್ಲ. ಹೊಸದು ಕೊನೆಯ ಎರಡು ಸಾಲು. ಕೋಲ್ಬಿಯ ಮುಂದೆ ಸರಿ ಗುರುತು. ಅದರ ಕೆಳಗೆ ಟ್ವೈಲಾ. ತಪ್ಪು ಗುರುತು.

ಹಿಟ್ಟಿನ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಬಿಳಿ ಪುಡಿ ನಕ್ಷೆಯ ಮೇಲೆಲ್ಲ ಹಾರಿತು.

"ನನ್ನ ಹೆಸರೂ ಬರೆದಿದೀಯ."

ವರ್ನಾ ಬೆಂಡೆಕಾಯಿ ಹೆಚ್ಚುತ್ತಿದ್ದಳು. "ಈ ಮನೇಲಿ ಇರೋ ಕಲಿಯೋರದೆಲ್ಲ ಬರೀತೀನಿ."

"ನಾನು ಬಾಡಿಗೆಯವಳಾ?"

"ಬಾಡಿಗೆಯವರು ಹೊತ್ತಿಗೆ ಸರಿಯಾಗಿ ದುಡ್ಡು ಕೊಡ್ತಾರೆ."

"ಸೋಮವಾರ ಪರೀಕ್ಷೆ ಇಟ್ಕೊಂಡು ಇಂಥ ಮಾತು ಆಡ್ತೀಯಲ್ಲ! ನಾನು ಪಾಸಾಗೋದು ನಿನಗೆ ಬೇಕೋ ಬೇಡ್ವೋ?"

"ಬೇಡ!" ಕೈಯಲ್ಲಿ ಚಾಕು ಹಿಡಿದೇ ತಿರುಗಿದಳು ವರ್ನಾ. "ಬೇಡ ಕಣೇ! ಈ ಕೆಲಸ ಈ ಮನೇನ ಒಂದು ಸಲ ತಿಂದು ತೇಗಿದೆ. ಗೋಡೆ ಮೇಲೆ ನೇತಾಡ್ತಿದೆಯಲ್ಲ ಈ ದರಿದ್ರ," ಎನ್ನುತ್ತ ಚಾಕು ಬಿಸಾಕಿ, ಫ್ರಿಜ್ಜಿನ ಪಕ್ಕದ ಚೌಕಟ್ಟನ್ನು ಎರಡೂ ಕೈಯಲ್ಲಿ ಕಿತ್ತಳು. ಪಟ್ಟಿಗಳು ನೆಲದ ತುಂಬ ಚೆಲ್ಲಿದವು.

ಕೋಲ್ಬಿ ತನ್ನ ಕೋಣೆಯ ಬಾಗಿಲಲ್ಲಿ ಕಾಣಿಸಿಕೊಂಡು, ನೋಡಿ, ಹಾಗೇ ಒಳಗೆ ಹೋದ. ಟ್ವೈಲಾ ಹಿತ್ತಿಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಮುದುಕ ಆಗ ಗ್ಯಾರೇಜಿನಲ್ಲಿ ಯಾರದೋ ಹಳೆಯ ಫ್ಯಾನು ಬಿಚ್ಚುತ್ತ ಕೂತಿದ್ದ. ಅವನಿಗೆ ಇದೊಂದೂ ಕೇಳಿಸಲಿಲ್ಲ.

ಐದು ನಿಮಿಷ ಕಳೆದ ಮೇಲೆ ವರ್ನಾ ಬಗ್ಗಿ ಪಟ್ಟಿಗಳನ್ನು ಬಳಿದುಕೊಂಡಳು. ಅಪ್ಪ ನೋಡಿದರೆ ಇನ್ನೊಂದು ರಾಮಾಯಣ. ಚೌಕಟ್ಟನ್ನು ಮೊಳೆಗೆ ಸಿಕ್ಕಿಸಿ, ಎಂಟನ್ನೂ ಕೈಗೆ ಬಂದಂತೆ ತುರುಕಿದಳು. ಕೆಲವು ನೇರ, ಕೆಲವು ಓರೆ. ಯಾವುದು ಹೇಗಿತ್ತು ಅಂತ ಅವಳು ಯಾವತ್ತೂ ನೋಡಿದವಳಲ್ಲ.

ಹತ್ತೂವರೆಗೆ ಹೋಬರ್ಟ್ ಕೈ ತೊಳೆಯಲು ಒಳಗೆ ಬಂದ. ಚೌಕಟ್ಟಿನ ಮುಂದೆ ನಿಂತ. ಇನ್ಸುಲಿನ್ ಪಟ್ಟಿ ಓರೆ.

"ಅರೆ," ಎಂದ ತನಗೇ. ಫ್ರಿಜ್ಜಿನ ಬಾಗಿಲು ತೆರೆದ.

ವರ್ನಾ ಬೆನ್ನು ತಿರುಗಿಸಿ ಬೆಂಡೆಕಾಯಿಯನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸುತ್ತಿದ್ದಳು. ಮುದುಕ ದಿನಾ ಹತ್ತು ಸಲ ಫ್ರಿಜ್ ತೆರೆಯುವವನು. ಅವಳು ತಿರುಗಿ ನೋಡಲಿಲ್ಲ.

ಹನ್ನೊಂದೂವರೆಗೆ ಟ್ವೈಲಾ ಒಳಗೆ ಬಂದಳು. ಕಣ್ಣು ಕೆಂಪಗಿತ್ತು. ನಕ್ಷೆಯ ಮೇಲಿನ ಹಿಟ್ಟನ್ನು ಅಂಗೈಯಲ್ಲಿ ಸವರಿ ತೆಗೆದು, "ಕೋಲ್ಬಿ, ಬಾ, ಒಂದು ಲೆಕ್ಕ ಮಾಡೋಣ" ಎಂದು ಕರೆದಳು. ಅವರ ಅಭ್ಯಾಸ ಹೀಗೆ: ಒಬ್ಬರು ಪೈಲಟ್ಟುಗಳಾಗಿ ಒಂದಾದ ಮೇಲೊಂದು ಕೇಳುತ್ತ ಹೋಗುವುದು, ಇನ್ನೊಬ್ಬರು ಪಟ್ಟಿ ಸರಿಸುತ್ತ ಉತ್ತರ ಕೊಡುವುದು. ಈ ಸಲ ಕೋಲ್ಬಿ ನಿಯಂತ್ರಕ. ಟ್ವೈಲಾ ಹದಿನಾಲ್ಕು ವಿಮಾನ. ವರ್ನಾ ಎಣ್ಣೆ ಕಾಯಲು ಇಟ್ಟಳು. ಹೋಬರ್ಟ್ ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಿದ್ದ.

ಸರಿಯಾಗಿ ಹನ್ನೆರಡಕ್ಕೆ ಸೈರನ್ ಕೂಗಿತು. ಪ್ರತಿ ಶನಿವಾರ ಹನ್ನೆರಡಕ್ಕೆ ಸುಂಟರಗಾಳಿಯ ಸೈರನ್‌ಗಳನ್ನು ಊರೆಲ್ಲ ಕೂಗಿಸಿ ನೋಡುತ್ತಾರೆ. ಆ ಊರಿನಲ್ಲಿ ನಾಯಿ ಕೂಡ ಅದಕ್ಕೆ ಕಿವಿ ಎತ್ತುವುದಿಲ್ಲ. ಬೆಂಡೆಕಾಯಿ ಎಣ್ಣೆಗೆ ಬಿದ್ದು ಚೊರ್ ಅಂದಿತು. ಕೋಲ್ಬಿ ಸೈರನ್ನಿಗಿಂತ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಟ್ವೈಲಾ ಒಂಬತ್ತನೇ ವಿಮಾನದ ಮಾತು ಆಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಕಿಟಕಿ ಕಡೆ ತಿರುಗಿದಳು.

ಪ್ರತಿ ಶನಿವಾರ ಸೈರನ್ ಶುರುವಾದ ಕೂಡಲೇ ಮುದುಕ ಕೈಗಡಿಯಾರ ಎತ್ತಿ ಹಿಡಿದು "ಸರಿ ಇದೆ" ಅನ್ನುತ್ತಿದ್ದ. ಇವತ್ತು ಅನ್ನಲಿಲ್ಲ.

"ಅಜ್ಜ, ಟೈಮ್ ಎಷ್ಟು?"

"ಯಾಕೆ ಕೇಳ್ತೀಯ, ಕೆಲಸ ಇಲ್ವಾ ನಿನಗೆ?" ಅಂದ ಮುದುಕ. ಅವನು ಮೊಮ್ಮಗಳಿಗೆ ಹಾಗೆ ಮಾತಾಡುವವನಲ್ಲ. ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ತುಟಿ ಬೆಳ್ಳಗಾಗಿತ್ತು.

ಟ್ವೈಲಾ ಎದ್ದಳು. "ಅಮ್ಮ, ಒಲೆ ಆರಿಸು. ಬಾಣಲೆ ಹಿಂದಕ್ಕೆ ತಳ್ಳು. ಸಿಹಿ ಟೀ ಜಗ್ ಕೊಡು. ಕೋಲ್ಬಿ, ಆಂಬುಲೆನ್ಸ್‌ಗೆ ಫೋನ್ ಮಾಡು, ಸಕ್ಕರೆ ಇಳಿದಿದೆ ಅನ್ನು, ಮನೆ ನಂಬರ್ ಹೇಳು."

ಧ್ವನಿ ಏರಲಿಲ್ಲ. ವರ್ನಾ ಕೇಳಿದ ಕೂಡಲೇ ಒಲೆ ಆರಿಸಿದಳು. ಯಾಕೆ ಎಂದು ಕೇಳಬೇಕು ಅನ್ನಿಸುವ ಮುಂಚೆಯೇ ಜಗ್ ಅವಳ ಕೈಯಲ್ಲಿತ್ತು.

ಕೋಲ್ಬಿ ಅಲ್ಲಾಡಲಿಲ್ಲ. "ತಡಿ," ಅಂದ, ಪೆನ್ಸಿಲ್ ನಕ್ಷೆಯ ಮೇಲೆ ಊರಿ. "ಎರಡು ವಿಮಾನ ಒಂದೇ ಎತ್ತರಕ್ಕೆ ಬಂದುಬಿಟ್ಟಿದೆ. ಇದು ಎಲ್ಲಿ ತಪ್ಪಿತು..."

"ಕೋಲ್ಬಿ. ಫೋನ್. ಈಗ."

ಎರಡನೇ ಸಲಕ್ಕೆ ಅವನು ತಲೆ ಎತ್ತಿದ. ಫೋನ್ ತೆಗೆದುಕೊಂಡ.

ಟ್ವೈಲಾ ಮುದುಕನ ತಲೆ ಹಿಡಿದು ಗುಟುಕು ಗುಟುಕಾಗಿ ಟೀ ಕುಡಿಸಿದಳು. ಅವನು ಬೈಯುತ್ತಲೇ ಕುಡಿದ. ಬೆರಳು ಚುಚ್ಚಿ ಸಕ್ಕರೆ ಎಷ್ಟಿದೆ ಅಂತ ನೋಡಿದಳು. ನಲವತ್ತೊಂದು. ಎಪ್ಪತ್ತಕ್ಕಿಂತ ಇಳಿಯಬಾರದು. ಮತ್ತೆ ಕುಡಿಸಿದಳು. ಕಾಲು ಗಂಟೆ ಬಿಟ್ಟು ನೋಡಿದಳು. ಎಪ್ಪತ್ತಮೂರು. ಅಷ್ಟು ಹೊತ್ತಿಗೆ ಆಂಬುಲೆನ್ಸಿನವರು ಬಂದರು. ಬೆಳಿಗ್ಗೆ ಏಳಕ್ಕೆ ಏನು ತಿಂದ, ಎಷ್ಟು ಯೂನಿಟ್ ಹಾಕಿಕೊಂಡ, ಮೊದಲ ಟೀ ಎಷ್ಟು ಹೊತ್ತಿಗೆ, ಎಲ್ಲ ಅವಳೇ ಹೇಳಿದಳು. ಅಜ್ಜನ ಜೊತೆ ಆಸ್ಪತ್ರೆಗೆ ಹೊರಡುವಾಗ ತಿರುಗಿ, "ಅಮ್ಮ, ಓವನ್‌ನಲ್ಲಿ ಕಾರ್ನ್‌ಬ್ರೆಡ್ ಇದೆ, ತೆಗಿ" ಅಂದಳು.

ಇತ್ತು. ವರ್ನಾಳೇ ಇಟ್ಟಿದ್ದಳು, ವರ್ನಾಳೇ ಮರೆತಿದ್ದಳು. ತೆಗೆದಾಗ ಅಂಚು ಕಪ್ಪಾಗುತ್ತ ಬಂದಿತ್ತು.

ಸಂಜೆಗೆ ಮುದುಕನನ್ನು ಮನೆಗೆ ಕಳಿಸಿದರು. ಸೂಪು ಕುಡಿಯುತ್ತ ಹೇಳಿದ: "ಏಳಕ್ಕೆ ಹಾಕ್ಕೊಂಡಿದ್ದೆ ಅಂತ ಒಳಗೊಳಗೇ ಅನ್ನಿಸ್ತು. ಆದರೆ ಪಟ್ಟಿ ಓರೆ ಇತ್ತು. ನಾನು ನೆನಪನ್ನ ನಂಬಲಿಲ್ಲ, ಇನ್ನೊಂದು ಸಲ ಹಾಕ್ಕೊಂಡೆ."

ಮಾರನೆಯ ದಿನ ಚರ್ಚಿನಿಂದ ಬಂದ ಮೇಲೆ, ಅಪ್ಪ ಒರೆಸಲು ಬಟ್ಟೆ ಹಿಡಿದು ನಿಂತಿದ್ದಾಗ, ವರ್ನಾ ತಟ್ಟೆ ತೊಳೆಯುತ್ತ ಹೇಳಿದಳು.

"ಕಿತ್ತಿದ್ದು ನಾನು. ಹೆಂಗಂದ್ರೆ ಹಂಗೆ ತುರುಕಿದ್ದೂ ನಾನೇ."

"ಗೊತ್ತು," ಅಂದ ಹೋಬರ್ಟ್. "ಕಸದ ಪಟ್ಟಿ ತಲೆಕೆಳಗಾಗಿತ್ತು."

"ಗೊತ್ತಿದ್ದೂ ಯಾಕೆ ಬೈಯಲಿಲ್ಲ?"

"ಬೈದ್ರೆ ನೀನು ಎಂಬತ್ತೊಂದನೇ ಇಸವಿ ತೆಗೀತೀಯ."

"ತೆಗೀದೆ ಏನು ಮಾಡ್ಲಿ? ನೀನು ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಎದ್ದೆ, ಬೋರ್ಡು ಹಿಡ್ಕೊಂಡು ಗೇಟ್ ಮುಂದೆ ನಿಂತೆ. ಅಮ್ಮನ್ನ ಕೇಳಿದೆಯಾ? ನನ್ನ ಕೇಳಿದೆಯಾ?"

ಮುದುಕ ಒಂದೇ ತಟ್ಟೆಯನ್ನು ಎರಡು ಸಲ ಒರೆಸಿದ. "ನಿಮ್ಮಮ್ಮನ್ನ ಕೇಳಿದ್ದೆ. ನಿನ್ನ ಕೇಳಲಿಲ್ಲ. ಕೇಳಬೇಕಿತ್ತು. ಕಾಲೇಜು ನಿನ್ನದಾಗಿತ್ತು."

ಮೂವತ್ತೆಂಟು ವರ್ಷಕ್ಕೆ ಅಷ್ಟೇ ಮಾತು. ವರ್ನಾ ಮುಂದಿನ ತಟ್ಟೆ ಕೊಟ್ಟಳು.

ಸೋಮವಾರ ಸಂಜೆ ಇಬ್ಬರೂ ಒಂದೇ ಕಾರಿನಲ್ಲಿ ಬಂದರು. ಕೋಲ್ಬಿ ಊಟಕ್ಕೆ ಕೂತು ಮುಳ್ಳುಚಮಚ ಎತ್ತಲಿಲ್ಲ.

"ಒಂದು ವಿಮಾನ ಬಿಟ್ಟೆ ಮೇಡಂ. ಹತ್ತು ಸಾವಿರ ಅಡಿಗೆ ಇಳಿಸಬೇಕಿತ್ತು. ಗೊತ್ತಿತ್ತು ನನಗೆ. ಬಾಯಿಗೆ ಬಂದಿತ್ತು."

"ನಾಳೆ ಇದೆಯಲ್ಲ," ಎಂದಳು ಟ್ವೈಲಾ.

"ಹೆಂಗೆ ಬಿಟ್ಟೆ ಅಂತ."

"ನಾನೂ ಒಂದು ಬಿಟ್ಟೆ. ಆ ಬೀನ್ಸ್ ಈ ಕಡೆ ಕೊಡು."

ಮಂಗಳವಾರ ಸಂಜೆಯೂ ಕೋಲ್ಬಿ ಸೋಮವಾರದ ವಿಮಾನದ ಮಾತೇ ಆಡಿದ. ಮಂಗಳವಾರ ಮೂರು ಬಿಟ್ಟಿದ್ದ. ಹೋಬರ್ಟ್ ಅವನ ಹೆಗಲು ಹಿಡಿದು, "ಆ ವಿಮಾನ ಇಳಿದು, ಜನ ಮನೆಗೆ ಹೋಗಿ, ಮಲಗಿಯೂ ಆಯ್ತು ಕಣಪ್ಪ. ಬಿಡು" ಅಂದ. ಕೋಲ್ಬಿ "ಹೌದು ಸರ್" ಅಂದ. ಅನ್ನುತ್ತಲೇ ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆಯುತ್ತಿದ್ದ.

ಬುಧವಾರ ವರ್ನಾ ಬೆಳಿಗ್ಗೆಯಿಂದ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಪರದೆ ಬಿಚ್ಚಿ ಒಗೆದಳು. ಅವೇ ಪರದೆಗಳನ್ನು ಹಸಿಯಾಗಿಯೇ ನೇತುಹಾಕಿದಳು. ಮೂರು ಸಲ ಬೀದಿಗೆ ಹೋಗಿ ಅಂಚೆಪೆಟ್ಟಿಗೆ ನೋಡಿದಳು.

"ಅಂಚೆ ಎರಡಕ್ಕೆ ಬರೋದು," ಅಂದ ಹೋಬರ್ಟ್.

"ಗೊತ್ತು!"

ನಾಲ್ಕೂವರೆಗೆ ಕಾರು ಬಂತು. ಕೋಲ್ಬಿ ನೇರ ತನ್ನ ಕೋಣೆಗೆ ಹೋದ. ಟ್ವೈಲಾ ಬಾಗಿಲಲ್ಲಿ ಶೂ ಕಳಚಿದಳು. ಒಂದು ಶೂ ಗಂಟು ಬಿಚ್ಚಲು ಬರಲಿಲ್ಲ. ಬಗ್ಗಿಕೊಂಡೇ ಹೇಳಿದಳು.

"ಎಪ್ಪತ್ತನಾಲ್ಕು."

ವರ್ನಾ ಒಲೆಯ ಕಡೆ ತಿರುಗಿದಳು. ಹೊತ್ತಿಸಿದಳು. ಆರಿಸಿದಳು. "ಅವನಿಗೆ?"

"ಅರವತ್ತಾರು."

ಮಾರನೆಯ ಬೆಳಿಗ್ಗೆ ಕೋಲ್ಬಿ ಚೀಲ ಕಾರಿಗೆ ಹಾಕಿದ. ವರ್ನಾ ಅವನಿಗೆ ಹುರಿದ ಕೋಳಿ, ಬಿಸ್ಕತ್ತು, ಅರ್ಧ ಹಣ್ಣಿನ ಪೈ ಕಟ್ಟಿಕೊಟ್ಟಳು. ಎರಡು ದಿನದ ದಾರಿ.

"ಮೇಡಂ, ಬಾಗಿಲ ಹಿಂದೆ ನನ್ನ ಹೆಸರಿಗೆ ಸರಿ ಗುರುತು ಇದೆಯಂತೆ."

"ಇದೆ."

"ಅಳಿಸ್ತೀರಾ?"

"ಯಾಕಪ್ಪ ಅಳಿಸ್ಲಿ? ಮೊಟ್ಟೆ ಚೆನ್ನಾಗಿ ಹುರೀತೀಯ. ಅದೇನು ಸುಳ್ಳಲ್ಲವಲ್ಲ. ದಾರೀಲಿ ಹಸ್ಕೊಂಡು ಓಡಿಸಬೇಡ."

ಅವನು ನಕ್ಕ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಗೇಟಿನಲ್ಲಿ ನಿಂತಿದ್ದಳು. ಅವನಿಗಿಂತ ಮುಂಚಿನ ಮೂವತ್ತನಾಲ್ಕು ಜನರಲ್ಲಿ ಯಾರಿಗೂ ಹಾಗೆ ನಿಂತಿರಲಿಲ್ಲ.

ಹೆಚ್ಚು ಅಂಕ ಬಂದವರು ಮೊದಲು ಊರು ಆರಿಸುತ್ತಾರೆ. ಎಪ್ಪತ್ತನಾಲ್ಕರ ಸರದಿ ಕೊನೆಗೆ ಬಂತು. ಉಳಿದದ್ದು ಅಲಾಸ್ಕಾದ ಆಂಕರೇಜ್ ಒಂದೇ. ಹತ್ತು ದಿನದಲ್ಲಿ ಹೊರಡಬೇಕು.

"ಭೂಮಿ ತುದೀನೇ ಸಿಕ್ಕಿತಾ ನಿನಗೆ?" ಎಂದಳು ವರ್ನಾ.

"ನಿನ್ನಿಂದ ಇನ್ನೂ ದೂರದ್ದು ಇರಲಿಲ್ಲ ಅಮ್ಮ."

ವರ್ನಾ ಬಟ್ಟೆ ಮಡಚುತ್ತಲೇ ಇದ್ದಳು. ಒಂದು ಅಂಗಿ ಮಡಚಿ ಮುಗಿಯುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ನಕ್ಕರು. ಯಾರು ಮೊದಲು ನಕ್ಕಿದ್ದು ಅಂತ ಹೋಬರ್ಟನಿಗೂ ತಿಳಿಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ವರ್ನಾ ರಬ್ಬರ್ ಹಿಡಿದು ಉಗ್ರಾಣಕ್ಕೆ ಹೋದಳು. ಟ್ವೈಲಾ ಅವಳ ಕೈಯಿಂದ ರಬ್ಬರ್ ಕಸಿದುಕೊಂಡಳು. "ಇರಲಿ ಬಿಡು. ಮೂರು ಸಲ ತಪ್ಪಿದ್ದೆ ಅಂತ ಹೇಳ್ಕೋತಿದ್ದೆಯಲ್ಲ. ಈಗ ಐದು ಅನ್ನು."

ಆಮೇಲೆ ಇಬ್ಬರೂ ಚೌಕಟ್ಟಿನ ಮುಂದೆ ನಿಂತರು. ಹೋಬರ್ಟ್ ಕುರ್ಚಿಯಿಂದ ನೋಡುತ್ತಿದ್ದ.

"ಇನ್ಸುಲಿನ್ ಏಳಕ್ಕೆ, ಹದಿನೆಂಟು ಯೂನಿಟ್," ಎಂದಳು ಟ್ವೈಲಾ. "ಹಾಕ್ಕೊಂಡ ಮೇಲೆ ಪಟ್ಟಿ ನೇರ. ಹೊತ್ತನ್ನೂ ಅದರ ಮೇಲೇ ಬರೀಬೇಕು, ಇದು ಹೊಸದು. ಡಾಕ್ಟರ್ ಎರಡನೇ ಗುರುವಾರ. ಕಣ್ಣಿಗೆ ಹಾಕೋ ಹನಿ ಬಾಗಿಲ ಮೇಲಿನ ಗೂಡಲ್ಲಿ. ಶನಿವಾರ ಹನ್ನೆರಡಕ್ಕೆ ಸೈರನ್ ಕೂಗಿದಾಗ 'ಸರಿ ಇದೆ' ಅಂತಾನಾ ನೋಡು. ಅನ್ನಲಿಲ್ಲ ಅಂದ್ರೆ ಮೊದಲು ಟೀ, ಆಮೇಲೆ ಪ್ರಶ್ನೆ. ನಿನ್ನದು."

ವರ್ನಾ ಸಾಮಾನ್ಯವಾಗಿ "ಆಯ್ತು ಆಯ್ತು" ಅಂದುಬಿಡುವವಳು. ಇವತ್ತು ಅನ್ನಲಿಲ್ಲ.

"ಏಳಕ್ಕೆ, ಹದಿನೆಂಟು. ಪಟ್ಟಿ ನೇರ, ಹೊತ್ತು ಬರೀಬೇಕು. ಡಾಕ್ಟರ್ ಎರಡನೇ ಗುರುವಾರ. ಹನಿ ಗೂಡಲ್ಲಿ. ಶನಿವಾರ 'ಸರಿ ಇದೆ' ಅನ್ನಲಿಲ್ಲ ಅಂದ್ರೆ ಮೊದಲು ಟೀ, ಆಮೇಲೆ ಪ್ರಶ್ನೆ." ಇನ್ಸುಲಿನ್ ಪಟ್ಟಿಯ ಮೇಲೆ ಬೆರಳಿಟ್ಟಳು. "ನನ್ನದು."

"ಯಾಕೆ, ನಾನೇನು ವಿಮಾನವಾ?" ಅಂದ ಹೋಬರ್ಟ್.

"ನೀನು ಸುಮ್ನಿರು ಅಪ್ಪ."

ವರ್ನಾ ಒಲೆಯ ಮುಂದೆ ಹೋಗಿ ಬಾಣಲೆಗೆ ಮೊಟ್ಟೆ ಒಡೆದಳು. ಟ್ವೈಲಾ ಚೀಲ ಹೆಗಲಿಗೆ ಹಾಕಿಕೊಂಡು, ಅವಳ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ನಿಂತಳು. ವರ್ನಾ ಹಿಂದೆ ನಿಲ್ಲಬೇಡ ಅನ್ನಲಿಲ್ಲ. ಮೊಟ್ಟೆಯ ಅಂಚು ಗರಿಗರಿಯಾಗುತ್ತ ಬಂತು. ಹೊರಗೆ ಗಾಳಿ ಗೇಟನ್ನು ಬಡಿಯುತ್ತಿತ್ತು. ಹೋಬರ್ಟ್ ಕೈಗಡಿಯಾರ ನೋಡುತ್ತಿದ್ದ.

"ಎರಡು ನಿಮಿಷ ಆಯ್ತು," ಅಂದ.

"ಆಯ್ತಂತೆ," ಅಂದಳು ವರ್ನಾ, ತಿರುಗದೆ. "ಹೊರಡು. ಕತ್ತಲಾದ ಮೇಲೆ ಓಡಿಸಬೇಡ."

ಹಿಂದೆ ಬಾಗಿಲು ತೆರೆಯಿತು, ಮುಚ್ಚಿತು. ಕಾರು ಶುರುವಾಯಿತು. ಸದ್ದು ಅಡಗುವವರೆಗೆ ವರ್ನಾ ಬಾಣಲೆಯನ್ನೇ ನೋಡುತ್ತ ನಿಂತಳು. ಆಮೇಲೆ ಒಂದು ಖಾಲಿ ಪಟ್ಟಿ ತೆಗೆದುಕೊಂಡು ಪೆನ್ಸಿಲ್ಲಿನಲ್ಲಿ ಬರೆದಳು: ಟ್ವೈಲಾ, ಆಂಕರೇಜ್. ಚೌಕಟ್ಟಿನ ಕೆಳಗಿನ ಸಾಲಿಗೆ ಅದನ್ನು ಓರೆಯಾಗಿ ಸಿಕ್ಕಿಸಿದಳು.

"ಮೊಟ್ಟೆ," ಅಂದ ಹೋಬರ್ಟ್.

"ಗೊತ್ತು," ಎಂದಳು ವರ್ನಾ. ಆದರೆ ಅದು ಆಗಲೇ ಕರಕಾಗಿತ್ತು.